ಹೊಸ ಊರಿಗೆ ಕೆಲಸಕ್ಕೆ ಹೋಗುವ ಮೊದಲೇ ಅಲ್ಲಿ ಮನೆ ಸಾಲ ಸಿಗುತ್ತಾ?

ಕೆಲವು ಬ್ಯಾಂಕ್‌ಗಳಲ್ಲಿ ಸಿಗಬಹುದು, ಆದರೆ ಕೈಯಲ್ಲಿ ಆಫರ್ ಲೆಟರ್ ಇರಬೇಕು. ಸಂಬಳ, ಹುದ್ದೆ, ಸೇರುವ ತಾರೀಕು ಅದರಲ್ಲಿ ಸ್ಪಷ್ಟವಾಗಿರಲಿ. ‘ದಾಖಲೆ ಪರಿಶೀಲನೆ ಮುಗಿದ ಮೇಲೆ ಮಾತ್ರ ಕೆಲಸ’ ಎಂಬ ಷರತ್ತು ಅದರಲ್ಲಿದ್ದರೆ ಬ್ಯಾಂಕಿನವರು ಅಲ್ಲೇ ತಡೆಯಬಹುದು. ಅದನ್ನು ಮೊದಲು ಮುಗಿಸಿಕೊಳ್ಳಿ. ಎಷ್ಟೋ ಬ್ಯಾಂಕ್‌ಗಳು ಹೊಸ ಕೆಲಸದ ಸಂಬಳದ ಸ್ಲಿಪ್ ಬರುವವರೆಗೂ ಕಾಯಿಸುತ್ತವೆ. ಕಮಿಷನ್ ಮೇಲೆ ನಡೆಯುವ ಕೆಲಸವಾದರೆ ಇನ್ನೂ ಕಷ್ಟ.

ಹಳೇ ಸಂಬಳ ತೋರಿಸಿ ಸಾಲ ಮಂಜೂರು ಮಾಡಿಸಿಕೊಂಡು, ಕೆಲಸ ಬದಲಾಗುವುದನ್ನು ಹೇಳದೆ ಸುಮ್ನೆ ಇದ್ದುಬಿಡೋಣ ಅಂದುಕೊಳ್ಳಬೇಡಿ. ಹಣ ಬಿಡುಗಡೆಗೆ ಮುಂಚೆ ಎಷ್ಟೋ ಬ್ಯಾಂಕ್‌ಗಳು ಆಫೀಸಿಗೆ ಮತ್ತೊಮ್ಮೆ ಫೋನ್ ಮಾಡಿ ವಿಚಾರಿಸುತ್ತವೆ. ಮುಚ್ಚಿಟ್ಟದ್ದು ಆಗ ಗೊತ್ತಾದರೆ ಸಾಲವೂ ಹೋಗುತ್ತದೆ, ಕೊಟ್ಟ ಅಡ್ವಾನ್ಸೂ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ವಾ?

ಬಿಟ್ಟು ಹೋಗುವ ಊರಲ್ಲೇ ಮನೆ ಕೊಳ್ಳುವುದಾದರೆ, ಅಲ್ಲಿ ನೀವು ವಾಸ ಇರುವುದಿಲ್ಲ ಎಂದು ಮೊದಲೇ ಹೇಳಿ. ಕೆಲವು ಬ್ಯಾಂಕ್‌ಗಳಲ್ಲಿ ಬಡ್ಡಿ ಸ್ವಲ್ಪ ಜಾಸ್ತಿ ಬೀಳಬಹುದು.