ವಿಮಾನದ ರೇಡಿಯೊದಲ್ಲಿ ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನವರ ಮಾತು ನಮಗೆ ಕೇಳಿಸುತ್ತೆ, ನಮ್ಮ ಮಾತು ಮಾತ್ರ ಅವರಿಗೆ ಆಗಾಗ ಕೇಳಿಸಲ್ಲ. ರೇಡಿಯೊ ಕೆಟ್ಟಿದೆಯಾ?

ಹೆಚ್ಚಿನ ಸಲ ಕೆಟ್ಟಿರುವುದು ರೇಡಿಯೊ ಅಲ್ಲ, ಅದರ ಸುತ್ತಲಿನ ಜೋಡಣೆ. ಆಂಟೆನಾದ ಬುಡ, ಕೇಬಲ್‌ನ ಕನೆಕ್ಟರ್, ಹೆಡ್‌ಸೆಟ್ ಜಾಕ್, ಮಾತಾಡುವಾಗ ಒತ್ತುವ ಬಟನ್. ದುಬಾರಿ ಪೆಟ್ಟಿಗೆಯನ್ನು ಸುಮ್ನೆ ಬಿಚ್ಚಿ ರಿಪೇರಿಗೆ ಕಳಿಸುವ ಮೊದಲು ಇವನ್ನು ನೋಡಿಸಿ.

ಕೇಳುವುದಕ್ಕೆ ತೀರಾ ಸಣ್ಣ ಸಿಗ್ನಲ್ ಸಾಕು. ಜೋಡಣೆ ಅರೆಬರೆ ಇದ್ದರೂ ಅಷ್ಟು ಒಳಗೆ ಬರುತ್ತದೆ. ಮಾತಾಡುವಾಗ ಹಾಗಲ್ಲ, ಕೆಲವು ವ್ಯಾಟ್ ಶಕ್ತಿ ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ಕನೆಕ್ಟರ್ ಸಡಿಲವಾಗಿದ್ದರೆ ಶಕ್ತಿ ಆಂಟೆನಾ ತಲುಪದೆ ವಾಪಸ್ ಬರುತ್ತದೆ. ಲೋಹದ ವಿಮಾನದಲ್ಲಿ ಹೊರಮೈಯೇ ಆಂಟೆನಾದ ಇನ್ನೊಂದು ಅರ್ಧದಂತೆ ಕೆಲಸ ಮಾಡುತ್ತದೆ. ಅದಕ್ಕೇ ಬುಡದಲ್ಲಿ ತುಕ್ಕು ಹಿಡಿದರೂ ಇದೇ ತೊಂದರೆ. ಮಾತಾಡುವಾಗ ಕರೆಂಟ್ ಕೂಡ ಜಾಸ್ತಿ ಬೇಕು. ಬ್ಯಾಟರಿ ಅಥವಾ ಅರ್ಥ್ ವೈರ್ ಸರಿಯಿಲ್ಲದಿದ್ದರೆ ವೋಲ್ಟೇಜ್ ಆ ಕ್ಷಣಕ್ಕೇ ಕುಸಿಯುತ್ತದೆ.

ಮೊದಲು ಬೇರೆ ಹೆಡ್‌ಸೆಟ್ ಹಾಕಿ ನೋಡಿ. ಅರ್ಧ ಸಮಸ್ಯೆ ಅಲ್ಲೇ ಸಿಗಬಹುದು. ಎರಡು ರೇಡಿಯೊ ಇದ್ದರೆ ಮೆಕ್ಯಾನಿಕ್ ಹತ್ತಿರ ಆಂಟೆನಾ ಕೇಬಲ್ ಅದಲುಬದಲು ಮಾಡಿಸಿ. ದೋಷ ಇನ್ನೊಂದು ರೇಡಿಯೊಗೆ ಹೋದರೆ ತೊಂದರೆ ಇರುವುದು ಕೇಬಲ್ ಅಥವಾ ಆಂಟೆನಾದಲ್ಲಿ. ಎಂಜಿನ್ ಓಡುವಾಗ ಮಾತ್ರ ತಪ್ಪಿಹೋಗುತ್ತಾ? ಹಾಗಿದ್ದರೆ ನಡುಕಕ್ಕೆ ಅಲುಗಾಡುವ ಜೋಡಣೆಯನ್ನು ಹುಡುಕಬೇಕು.

ಇನ್ನೊಂದು ಮಾತು. ಈ ರೇಡಿಯೊದ 118ರಿಂದ 137 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ತಗ್ಗಿನಲ್ಲಿ, ಗುಡ್ಡದ ಹಿಂದೆ ಹಾರುವಾಗ ಮಾತ್ರ ಸಂಪರ್ಕ ತಪ್ಪಿದರೆ ಅದು ದೋಷವೇ ಅಲ್ಲ.