ಬಿದ್ದ ಷೇರು, ಬಿದ್ದ ಕಂಪನಿ: ಹೂಡಿಕೆ ಪ್ರಶ್ನೋತ್ತರ

ಪೇಟೆ ಇಳಿಯತೊಡಗಿದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಎರಡೇ ಬಗೆಯವು: ಏನನ್ನು ಕೊಳ್ಳಲಿ, ಇರುವುದನ್ನು ಏನು ಮಾಡಲಿ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಲಾಗಿದೆ. ಲೆಕ್ಕ ಸುಲಭವಾಗಲೆಂದು ಹೆಚ್ಚಿನ ಉದಾಹರಣೆಗಳನ್ನು 100ರ ಮೇಲೆ ಹಾಕಿದ್ದೇವೆ.

ಪ್ರಶ್ನೆ: ನಾನು ಗಮನಿಸುತ್ತಿರುವ ಷೇರೊಂದು ಗರಿಷ್ಠ ಬೆಲೆಯಿಂದ ಶೇ 60ರಷ್ಟು ಇಳಿದಿದೆ. ಇನ್ನೆಷ್ಟು ತಾನೇ ಬಿದ್ದೀತು? ಈಗ ಕೊಳ್ಳಬಹುದಲ್ಲವೇ?

ಇನ್ನೂ ಬಹಳ ಬೀಳಬಹುದು. 100 ಇದ್ದ ಷೇರನ್ನು ನೀವು 40ಕ್ಕೆ ಕೊಂಡಿರಿ ಎಂದುಕೊಳ್ಳಿ. ಅದು 20ಕ್ಕೆ ಇಳಿದರೆ ಹಳಬರ ಪಾಲಿಗೆ ಶೇ 60 ಇದ್ದ ನಷ್ಟ ಶೇ 80 ಆಗುತ್ತದೆ, ಅಷ್ಟೆ. ನಿಮ್ಮ ಹಣ ಮಾತ್ರ ಅರ್ಧಕ್ಕರ್ಧ ಹೋಗಿರುತ್ತದೆ. ಹಿಂದೆ ಎಷ್ಟಿತ್ತು ಎಂಬುದು ಹೊಸದಾಗಿ ಕೊಳ್ಳುವವರಿಗೆ ಯಾವ ಆಸರೆಯನ್ನೂ ಕೊಡುವುದಿಲ್ಲ.

ನೋಡಬೇಕಾದದ್ದು ಬೇರೆ. ವ್ಯಾಪಾರ ಎರಡು ವರ್ಷ ಮಂಕಾದರೂ ಈ ಕಂಪನಿ ಹೊಸ ಸಾಲಕ್ಕೆ, ಹೊಸ ಬಂಡವಾಳಕ್ಕೆ ಕೈಚಾಚದೆ ಉಳಿದೀತೇ? ಮಾರಾಟ 100, ಸ್ಥಿರ ವೆಚ್ಚ 50, ಮಾರಾಟದ ಜೊತೆ ಏರಿಳಿಯುವ ವೆಚ್ಚ 30 ಇರುವ ಕಂಪನಿಯೊಂದನ್ನು ತೆಗೆದುಕೊಳ್ಳಿ. ಕಾರ್ಯಾಚರಣೆ ಲಾಭ 20. ಮಾರಾಟ ಶೇ 20ರಷ್ಟು ಕುಸಿದು 80ಕ್ಕೆ ಬಂತು. ಬಾಡಿಗೆ, ಸಂಬಳ, ಸವಕಳಿ ಸೇರಿದ ಆ 50 ಹಾಗೇ ಉಳಿಯುತ್ತದೆ. ಏರಿಳಿಯುವ ವೆಚ್ಚ 24ಕ್ಕೆ ಇಳಿಯುತ್ತದೆ. ಲಾಭ ಬರೀ 6. ಶೇ 20ರ ಹಿನ್ನಡೆ ಲಾಭದಲ್ಲಿ ಶೇ 70ರಷ್ಟನ್ನು ನುಂಗಿತು. ವರ್ಷಕ್ಕೆ 8 ಬಡ್ಡಿ ಕಟ್ಟಬೇಕಿದ್ದರೆ ಕಂಪನಿ ನಷ್ಟಕ್ಕೆ ಜಾರಿತು. ಸಾಲವೇ ಇಲ್ಲದ ಪ್ರತಿಸ್ಪರ್ಧಿ ಅದೇ 6ರ ಲಾಭದಲ್ಲಿ ದಿನ ದೂಡುತ್ತದೆ, ಸಾಲಗಾರ ಕಂಪನಿ ಬಿಟ್ಟುಹೋದ ಗ್ರಾಹಕರನ್ನೂ ಸೆಳೆದುಕೊಳ್ಳುತ್ತದೆ.

ಆದ್ದರಿಂದ ವಾರ್ಷಿಕ ವರದಿಯನ್ನು ಲಾಭ-ನಷ್ಟದ ಪುಟದಿಂದಲ್ಲ, ಸಾಲದ ಟಿಪ್ಪಣಿಯಿಂದ ಓದಲು ಆರಂಭಿಸಿ. ಮುಂದಿನ 12 ತಿಂಗಳಲ್ಲಿ ತೀರಿಸಬೇಕಾದ ಸಾಲವೆಷ್ಟು, ಕೈಯಲ್ಲಿರುವ ನಗದೆಷ್ಟು, ಬ್ಯಾಂಕಿನಿಂದ ಮಂಜೂರಾಗಿ ಇನ್ನೂ ಎತ್ತದ ಸಾಲವೆಷ್ಟು ಎಂಬ ಮೂರು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿರಿ. ಮೊದಲನೆಯದು ಉಳಿದೆರಡರ ಮೊತ್ತಕ್ಕಿಂತ ದೊಡ್ಡದಿದ್ದರೆ ಆ ಕಂಪನಿಯ ಗತಿ ಸಾಲ ಕೊಡುವವರ ಮರ್ಜಿಯಲ್ಲಿದೆ. ಕುಸಿತದ ಕಾಲದಲ್ಲಿ ಆ ಮರ್ಜಿ ಥಟ್ಟನೆ ಬದಲಾಗುತ್ತದೆ. ಆಮೇಲೆ ಕಾರ್ಯಾಚರಣೆ ಲಾಭವನ್ನು ಬಡ್ಡಿಯಿಂದ ಭಾಗಿಸಿ. 5ಕ್ಕಿಂತ ಮೇಲಿದ್ದರೆ ಉಸಿರಾಡಲು ಜಾಗವಿದೆ, 2ಕ್ಕಿಂತ ಕೆಳಗಿದ್ದರೆ ಬೆಲೆ ಎಷ್ಟೇ ಅಗ್ಗವೆನಿಸಿದರೂ ಬಿಡಿ. ಕೊನೆಗೆ ಐದು ವರ್ಷಗಳ ನಿವ್ವಳ ಲಾಭದ ಮೊತ್ತವನ್ನೂ ಕಾರ್ಯಾಚರಣೆಯಿಂದ ಬಂದ ನಗದಿನ ಮೊತ್ತವನ್ನೂ ಹೋಲಿಸಿ. ಲಾಭ ಬೆಳೆಯುತ್ತಾ ನಗದು ಬಾರದಿದ್ದರೆ ಅದು ಗ್ರಾಹಕರ ಬಾಕಿಯಲ್ಲೋ ಮಾರಾಟವಾಗದ ದಾಸ್ತಾನಿನಲ್ಲೋ ಸಿಕ್ಕಿಕೊಂಡಿದೆ. ಪೇಟೆ ಏರುವಾಗ ಇದನ್ನು ಯಾರೂ ಕೇಳುವುದಿಲ್ಲ.

1999ರ ಕೊನೆಯಿಂದ 2001ರವರೆಗೆ ಅಮೆಜಾನ್ ಷೇರು ಶೇ 90ಕ್ಕಿಂತ ಹೆಚ್ಚು ಬಿತ್ತು. ಆದರೂ ಕಂಪನಿ ಉಳಿಯಿತು. ಅದಕ್ಕೊಂದು ಮುಖ್ಯ ಕಾರಣ, 2000ರ ಫೆಬ್ರುವರಿಯಲ್ಲಿ, ಪೇಟೆ ಮುರಿಯುವ ಕೆಲವೇ ವಾರ ಮೊದಲು, ಅದು ಯುರೋಪಿನಲ್ಲಿ ಪರಿವರ್ತನೀಯ ಬಾಂಡ್ (ಮುಂದೆ ಷೇರಾಗಿ ಬದಲಾಯಿಸಿಕೊಳ್ಳಬಹುದಾದ ಸಾಲಪತ್ರ) ಮಾರಿ 69 ಕೋಟಿ ಯುರೊ ಎತ್ತಿಟ್ಟುಕೊಂಡಿತ್ತು. ಇಂಟರ್ನೆಟ್ ಕಂಪನಿಗಳ ಅದೇ ಅಲೆಯಲ್ಲಿ ಎದ್ದಿದ್ದ ದಿನಸಿ ಮಾರಾಟದ ವೆಬ್‌ವ್ಯಾನ್ ಕಂಪನಿ ನಗದು ಮುಗಿದು 2001ರ ಜುಲೈನಲ್ಲಿ ದಿವಾಳಿಯಾಯಿತು. ಷೇರಿನ ಗ್ರಾಫ್ ನೋಡಿ ಈ ಎರಡನ್ನು ಬೇರೆ ಮಾಡಲು ಆಗ ಯಾರಿಂದಲೂ ಆಗುತ್ತಿರಲಿಲ್ಲ.

ಪ್ರಶ್ನೆ: ಹೆಸರುವಾಸಿ ಉಕ್ಕಿನ ಕಂಪನಿಯ ಪಿಇ ಅನುಪಾತ (ಷೇರಿನ ಬೆಲೆಯನ್ನು ಪ್ರತಿ ಷೇರಿನ ಗಳಿಕೆಯಿಂದ ಭಾಗಿಸಿದ್ದು) ಕೇವಲ 5. ಇಷ್ಟು ಅಗ್ಗಕ್ಕೆ ಸಿಕ್ಕಾಗ ಬಿಡುವುದುಂಟೇ?

ಉಕ್ಕು, ಸಿಮೆಂಟ್, ಹಡಗು ಸಾಗಣೆ, ರಾಸಾಯನಿಕಗಳಂಥ ಏರಿಳಿತದ ಉದ್ಯಮಗಳಲ್ಲಿ ಪಿಇ ತಿರುಗುಮುರುಗಾಗಿ ಮಾತಾಡುತ್ತದೆ. ಷೇರಿನ ಬೆಲೆ 100, ಪ್ರತಿ ಷೇರಿನ ಗಳಿಕೆ 20 ಇದ್ದಾಗ ಪಿಇ 5. ಆದರೆ ಆ 20 ಬಂದದ್ದು ಉಕ್ಕಿನ ಬೆಲೆ ತುತ್ತತುದಿಯಲ್ಲಿದ್ದ ವರ್ಷ. ಮರುವರ್ಷ ಗಳಿಕೆ 4ಕ್ಕೆ ಕುಸಿದು ಷೇರು 60ಕ್ಕೆ ಇಳಿದರೆ ಪಿಇ 15 ಆಗಿ, ಮೊದಲಿಗಿಂತ ದುಬಾರಿ ಎಂಬಂತೆ ಕಾಣುತ್ತದೆ. ಕೊಳ್ಳಲು ಹೆಚ್ಚು ಯೋಗ್ಯವಾದದ್ದು ಆ ಎರಡನೆಯ ಸ್ಥಿತಿ.

ಇಂಥ ಕಡೆ ಒಂದು ವರ್ಷದ ಗಳಿಕೆಯನ್ನು ನಂಬಬೇಡಿ. ಒಳ್ಳೆಯ ಕಾಲ, ಕೆಟ್ಟ ಕಾಲ ಎರಡೂ ಬಂದುಹೋದ 7ರಿಂದ 10 ವರ್ಷಗಳ ಸರಾಸರಿ ಗಳಿಕೆ ತೆಗೆಯಿರಿ. ಅದು 8 ಎಂದಾದರೆ 100ರ ಬೆಲೆಗೆ ಪಿಇ 12.5, 60ರ ಬೆಲೆಗೆ 7.5. ಈಗ ಸಂಖ್ಯೆ ಸರಿದಾರಿಗೆ ಬಂತು. ಮಧ್ಯೆ ಹೊಸ ಷೇರು ಹೊರಡಿಸಿದ್ದರೆ ಹಳೆಯ ಪ್ರತಿ ಷೇರಿನ ಗಳಿಕೆ ಮೋಸ ಮಾಡುತ್ತದೆ. ಒಟ್ಟು ಲಾಭದ ಸರಾಸರಿ ತೆಗೆದು ಈಗಿನ ಷೇರುಗಳ ಸಂಖ್ಯೆಯಿಂದ ಭಾಗಿಸುವುದೇ ಸರಿ.

ಪ್ರಶ್ನೆ: 100ಕ್ಕೆ ಕೊಂಡ ಷೇರು 60ಕ್ಕೆ ಬಂದಿದೆ. ಇನ್ನಷ್ಟು ಕೊಂಡು ಸರಾಸರಿ ಇಳಿಸಿಕೊಳ್ಳಲೇ?

ಸರಾಸರಿ ಇಳಿಸುವುದಕ್ಕೆಂದೇ ಕೊಳ್ಳಬೇಡಿ. 100 ಷೇರು 100ರ ದರದಲ್ಲಿ, ಇನ್ನೂ 100 ಷೇರು 60ರ ದರದಲ್ಲಿ ಕೊಂಡರೆ ಸರಾಸರಿ 80 ಆಗುತ್ತದೆ. ಹಾಕಿದ ಹಣ 10,000ದಿಂದ 16,000ಕ್ಕೆ ಏರುತ್ತದೆ. ಷೇರು 30ಕ್ಕೆ ಜಾರಿದರೆ, ಸುಮ್ಮನಿದ್ದವರ ನಷ್ಟ 7,000. ನಿಮ್ಮದು 10,000.

ಕೊಳ್ಳುವ ಕಾರಣ ಬೇರೆ ಇರಬೇಕು. ಮೊದಲು ಕೊಂಡಾಗ ಏನನ್ನು ನಂಬಿದ್ದಿರಿ ಎಂದು ಎರಡು ಸಾಲು ಬರೆಯಿರಿ. ಬೆಲೆ ಬಿದ್ದ ನಂತರ ಬಂದ ಕನಿಷ್ಠ ಒಂದು ತ್ರೈಮಾಸಿಕ ಫಲಿತಾಂಶವನ್ನು ಅದರ ಪಕ್ಕ ಇಟ್ಟು ನೋಡಿ. ಮಾರಾಟ ಇಳಿದಿದ್ದರೂ ಅದೇ ಉದ್ಯಮದ ಇತರರಿಗಿಂತ ಕಡಿಮೆ ಇಳಿದಿದ್ದರೆ, ಸಾಲ ಹೆಚ್ಚಿಲ್ಲದಿದ್ದರೆ, ಕೊಳ್ಳಬಹುದು. ಎರಡು ಖರೀದಿಗಳ ನಡುವೆ ಹೊಸ ಫಲಿತಾಂಶವೊಂದು ಬರಲೇಬೇಕು. ಇಲ್ಲದಿದ್ದರೆ ಅದೇ ಮಾಹಿತಿಯ ಮೇಲೆ ಮತ್ತೆ ಮತ್ತೆ ಪಣ ಕಟ್ಟಿದಂತೆ. ಎಲ್ಲ ಸೇರಿ ಒಂದೇ ಷೇರಿಗೆ ಹಾಕಿದ ಅಸಲು ಒಟ್ಟು ಹೂಡಿಕೆಯ ಶೇ 8ರಿಂದ 10ನ್ನು ಮೀರಬಾರದು. ಮಾಲೀಕರು ತಮ್ಮ ಷೇರುಗಳನ್ನು ಅಡವಿಟ್ಟು ಸಾಲ ಪಡೆದಿದ್ದರೆ, ಲೆಕ್ಕಪರಿಶೋಧಕರು ಅವಧಿಗೆ ಮುನ್ನ ಬಿಟ್ಟುಹೋಗಿದ್ದರೆ, ಒಂದು ಷೇರನ್ನೂ ಸೇರಿಸಬೇಡಿ. ಅಡವಿಟ್ಟ ಷೇರು ಬಿದ್ದಷ್ಟೂ ಸಾಲ ಕೊಟ್ಟವರು ಮಾರುತ್ತಾರೆ, ಮಾರಿದಷ್ಟೂ ಅದು ಬೀಳುತ್ತದೆ.

ಪ್ರಶ್ನೆ: ನನ್ನ ಬಳಿ 38 ಕಂಪನಿಗಳ ಷೇರುಗಳಿವೆ, ಬಹುಪಾಲು ನಷ್ಟದಲ್ಲಿವೆ. ಲಾಭದಲ್ಲಿರುವ ನಾಲ್ಕೈದನ್ನು ಮಾರಿ ಉಳಿದವು ಅಸಲಿಗೆ ಬರುವವರೆಗೆ ಕಾಯೋಣವೇ?

ಅದರ ತದ್ವಿರುದ್ಧವನ್ನು ಮಾಡಬೇಕಾದೀತು. ಕುಸಿತದಲ್ಲೂ ತಲೆ ಎತ್ತಿ ನಿಂತಿರುವ ಷೇರುಗಳನ್ನು ಮಾರಿ ಬಿದ್ದವನ್ನು ಕಾಯುವುದು ಎಲ್ಲರೂ ಮಾಡುವ ಕೆಲಸ, ಅತಿ ಹೆಚ್ಚು ನಷ್ಟ ತರುವ ಕೆಲಸವೂ ಹೌದು. ನಿಮ್ಮ ಅಸಲು ಎಷ್ಟೆಂದು ಷೇರಿಗೆ ಗೊತ್ತಿಲ್ಲ. ಶೇ 20 ಬಿದ್ದದ್ದು ಅಸಲಿಗೆ ಬರಲು ಶೇ 25 ಏರಿದರೆ ಸಾಕು. ಶೇ 50 ಬಿದ್ದದ್ದು ಶೇ 100, ಶೇ 80 ಬಿದ್ದದ್ದು ಶೇ 400 ಏರಬೇಕು.

38 ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಕೊಂಡ ಬೆಲೆಯ ಅಂಕಣ ಬೇಡ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಈ ಷೇರಿನ ಬದಲು ಇಷ್ಟೇ ನಗದು ಕೈಯಲ್ಲಿದ್ದರೆ ಇವತ್ತು ಇದನ್ನು ಕೊಳ್ಳುತ್ತಿದ್ದೆನೇ? ಮೊದಲ ಉತ್ತರದಲ್ಲಿ ಹೇಳಿದ ಸಾಲದ ಪರೀಕ್ಷೆಯಲ್ಲಿ ಸೋತವು ಮೊದಲು ಹೋಗಲಿ. ಏಕೆ ಕೊಂಡಿರೆಂದು ಹೇಳಲಾಗದವು ಆಮೇಲೆ. ಒಟ್ಟು ಹಣದ ಶೇ 1ಕ್ಕಿಂತ ಕಡಿಮೆ ಇರುವ ಚೂರುಪಾರುಗಳು ದುಪ್ಪಟ್ಟಾದರೂ ನಿಮಗೆ ಸಿಗುವುದು ಶೇ 1 ಅಷ್ಟೆ. ಹೆಚ್ಚು ಹಾಕುವ ಧೈರ್ಯವಿಲ್ಲದಿದ್ದರೆ ಮಾರಿ. 15ರಿಂದ 20 ಕಂಪನಿ ಸಾಕು. ಅಷ್ಟರ ಫಲಿತಾಂಶಗಳನ್ನು ಮೂರು ತಿಂಗಳಿಗೊಮ್ಮೆ ಓದುವುದೇ ಕಷ್ಟ.

ಉಳಿದವುಗಳಲ್ಲಿ ಬೇರೆ ಬೇರೆ ಹೆಸರಿನ ಒಂದೇ ಪಣ ಅಡಗಿದೆಯೇ ನೋಡಿ. ಸಿಮೆಂಟ್, ಬಣ್ಣ, ಟೈಲ್ಸ್, ವಿದ್ಯುತ್ ತಂತಿ, ಗೃಹಸಾಲದ ಕಂಪನಿ ಎಂದು ಐದು ಉದ್ಯಮಗಳಲ್ಲಿ ಹಂಚಿದ್ದೇನೆ ಎಂದುಕೊಳ್ಳುತ್ತೀರಿ. ಮನೆ ಕಟ್ಟುವುದು ನಿಂತರೆ ಐದೂ ಒಟ್ಟಿಗೆ ಮಲಗುತ್ತವೆ. ಇಂಥ ಗುಂಪು ಶೇ 25 ದಾಟದಿರಲಿ.

ಮಾರುವಾಗ ಇನ್ನೊಂದು ತೊಡಕು. ಸಣ್ಣ ಕಂಪನಿಗಳಿಗೆ ಕುಸಿತದಲ್ಲಿ ಕೊಳ್ಳುವವರೇ ಇರುವುದಿಲ್ಲ. ದಿನಕ್ಕೆ ಸರಾಸರಿ 5,000 ಷೇರು ಕೈಬದಲಾಗುವ ಕಡೆ ನಿಮ್ಮ 3,000ವನ್ನು ಒಂದೇ ಬಾರಿಗೆ ಸುರಿದರೆ ಬೆಲೆಯನ್ನು ನೀವೇ ಕೆಡವುತ್ತೀರಿ. ದಿನದ ವಹಿವಾಟಿನ ಶೇ 10, ಅಂದರೆ 500ರಂತೆ, ಬೆಲೆ ನಿಗದಿ ಮಾಡಿದ ಲಿಮಿಟ್ ಆರ್ಡರ್ ಹಾಕಿ ಆರು ದಿನಗಳಲ್ಲಿ ಮಾರಿ. ನಷ್ಟವನ್ನು ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಯೋಚನೆ ಇದ್ದರೆ ನಿಮ್ಮ ದೇಶದ ನಿಯಮ ನೋಡಿಕೊಳ್ಳಿ. ಅದೇ ಷೇರನ್ನು 30 ದಿನಗಳೊಳಗೆ ಮತ್ತೆ ಕೊಂಡರೆ ಆ ನಷ್ಟವನ್ನು ಕೂಡಲೇ ಲೆಕ್ಕಕ್ಕೆ ಹಿಡಿಯದ ದೇಶಗಳಿವೆ.

ಪ್ರಶ್ನೆ: ಕೈಯಲ್ಲಿ ನಗದಿದೆ. ತಳ ಮುಟ್ಟಿದ ಮೇಲೆ ಒಟ್ಟಿಗೆ ಹಾಕುವುದು ಒಳ್ಳೆಯದಲ್ಲವೇ?

ತಳ ಯಾವುದೆಂದು ಗೊತ್ತಾಗುವುದು ಅದು ದಾಟಿ ತಿಂಗಳುಗಳಾದ ಮೇಲೆ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಸುಮಾರು ಶೇ 57 ಬಿತ್ತು. ಈ ನಡುವೆ 2008ರ ನವೆಂಬರ್‌ನಿಂದ ಜನವರಿ ಆರಂಭದವರೆಗೆ ಶೇ 20ಕ್ಕಿಂತ ಹೆಚ್ಚು ಏರಿ, ಮುಗಿಯಿತು ಎಂದು ಎಲ್ಲರೂ ಉಸಿರುಬಿಡುವಷ್ಟರಲ್ಲಿ ಮತ್ತೆ ಹೊಸ ತಳ ಕಂಡಿತು. 2020ರಲ್ಲಿ ಇದಕ್ಕೆ ವಿರುದ್ಧ: ಫೆಬ್ರುವರಿ 19ರಿಂದ ಮಾರ್ಚ್ 23ರೊಳಗೆ ಶೇ 34 ಬಿದ್ದು, ಆಗಸ್ಟ್‌ಗೆ ಹಳೆಯ ಮಟ್ಟಕ್ಕೆ ಮರಳಿತು. ಕಾದು ಕುಳಿತವರಿಗೆ ಬಾಗಿಲೇ ಸಿಗಲಿಲ್ಲ.

ಎರಡಕ್ಕೂ ಹೊಂದುವ ಕ್ರಮ ಹೀಗೆ: ಹಣವನ್ನು ಆರು ಪಾಲು ಮಾಡಿ. ನಾಲ್ಕನ್ನು ಎರಡು ತಿಂಗಳಿಗೊಂದರಂತೆ, ಮೊದಲೇ ಗೊತ್ತುಮಾಡಿದ ದಿನ, ಸುದ್ದಿ ಏನೇ ಇರಲಿ ಹಾಕಿ. ಉಳಿದ ಎರಡು ಪಾಲನ್ನು, ಸೂಚ್ಯಂಕವು ಗರಿಷ್ಠದಿಂದ ಶೇ 30 ಇಳಿದಾಗ ಒಂದು, ಶೇ 40 ಇಳಿದಾಗ ಒಂದು ಎಂದು ಹಾಕಿ. ವರ್ಷದೊಳಗೆ ಅಷ್ಟು ಇಳಿಯದಿದ್ದರೆ ಅವನ್ನೂ ಹಾಕಿಬಿಡಿ. ಬರೀ ಬೆಲೆಯನ್ನೇ ನೆಚ್ಚಿ, ಶೇ 10 ಇಳಿದಾಗಲೆಲ್ಲ ಒಂದು ಪಾಲು ಎನ್ನುವವರ ಐದು ಪಾಲುಗಳು 2008ರಂಥ ಕುಸಿತದಲ್ಲಿ ತಳಕ್ಕೆ ಮುಂಚೆಯೇ ಖಾಲಿಯಾಗುತ್ತವೆ. ಸಣ್ಣ ಕುಸಿತದಲ್ಲಿ ಒಂದೋ ಎರಡೋ ಪಾಲು ಹೋಗಿ ಉಳಿದದ್ದು ಹಾಗೇ ಕೂರುತ್ತದೆ.

ಪ್ರಶ್ನೆ: ಬೆಲೆ ಬಿದ್ದು ಡಿವಿಡೆಂಡ್ (ಲಾಭಾಂಶ) ಇಳುವರಿ ಶೇ 12 ದಾಟಿದೆ. ಬ್ಯಾಂಕ್ ಠೇವಣಿಗಿಂತ ಇದೇ ಮೇಲಲ್ಲವೇ?

ಆ ಶೇ 12 ಹೋದ ವರ್ಷದ ಡಿವಿಡೆಂಡನ್ನು ಈ ವರ್ಷದ ಬೆಲೆಯಿಂದ ಭಾಗಿಸಿದ್ದು. ಬೆಲೆ 100 ಇದ್ದಾಗ 5 ಕೊಟ್ಟ ಕಂಪನಿ 40ಕ್ಕೆ ಬಿದ್ದರೆ ಇಳುವರಿ ತಾನಾಗಿ ಶೇ 12.5 ಆಗುತ್ತದೆ. ಡಿವಿಡೆಂಡ್ ಕಡಿತವಾಗುತ್ತದೆಂದು ಪೇಟೆ ಊಹಿಸಿರುವುದರಿಂದಲೇ ಬೆಲೆ ಅಲ್ಲಿದೆ. ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಯೇ 2009ರ ಫೆಬ್ರುವರಿಯಲ್ಲಿ ತ್ರೈಮಾಸಿಕ ಡಿವಿಡೆಂಡನ್ನು 31 ಸೆಂಟ್‌ನಿಂದ 10ಕ್ಕೆ ಇಳಿಸಿತು. ಕಾರ್ಯಾಚರಣೆಯ ನಗದಿನಿಂದ ಯಂತ್ರ, ಕಟ್ಟಡಗಳ ಖರ್ಚು ಕಳೆದು ಉಳಿಯುವುದರಲ್ಲಿ ಡಿವಿಡೆಂಡ್ ಶೇ 60ರ ಒಳಗಿದ್ದರೆ ನಂಬಬಹುದು.

ಪ್ರಶ್ನೆ: ಸ್ಟಾಪ್‌ಲಾಸ್ ಹಾಕಿಟ್ಟರೆ ನಿಶ್ಚಿಂತೆಯೇ?

ಅಲ್ಲ. ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಎಂಬ ಈ ಆರ್ಡರನ್ನು ನೀವು 90ಕ್ಕೆ ಹಾಕಿದ್ದು, ರಾತ್ರಿ ಬಂದ ಕೆಟ್ಟ ಸುದ್ದಿಗೆ ಷೇರು ಬೆಳಿಗ್ಗೆ 78ಕ್ಕೇ ತೆರೆದರೆ ಮಾರಾಟವಾಗುವುದು 78ರ ಆಸುಪಾಸಿನಲ್ಲಿ. ಲಿಮಿಟ್ ಬೆಲೆ ಸೇರಿಸಿದ್ದರೆ ಮಾರಾಟವೇ ಆಗದೆ ಉಳಿಯಬಹುದು. ದಿನವಹಿ ವ್ಯಾಪಾರಿಗೆ ಇದು ಬೇಕಾದ ಸಾಧನ. ಐದು ವರ್ಷಕ್ಕೆ ಕೊಂಡವರಿಗೆ ಮಾರುವ ಸೂಚನೆ ಬಡ್ಡಿ, ಸಾಲ, ನಗದಿನ ಸಂಖ್ಯೆಗಳಿಂದ ಬರಬೇಕು.

ಪ್ರಶ್ನೆ: ಬ್ಯಾಂಕ್ ಷೇರಿಗೂ ನೀವು ಹೇಳುವ ಸಾಲದ ಪರೀಕ್ಷೆ ಅನ್ವಯಿಸುತ್ತದೆಯೇ?

ಇಲ್ಲ, ಸಾಲವೇ ಬ್ಯಾಂಕಿನ ಸರಕು. ಅಲ್ಲಿ ನೋಡಬೇಕಾದದ್ದು ಬಂಡವಾಳ ಪರ್ಯಾಪ್ತತೆ (ಕೊಟ್ಟ ಸಾಲಗಳಿಗೆ ಹೋಲಿಸಿದರೆ ಬ್ಯಾಂಕಿನ ಸ್ವಂತ ಬಂಡವಾಳ ಸಾಕಷ್ಟಿದೆಯೇ ಎಂಬುದು), ವಸೂಲಾಗದ ಸಾಲದ ಪ್ರಮಾಣ, ಅದಕ್ಕೆ ತೆಗೆದಿಟ್ಟ ಮೊತ್ತ ಮತ್ತು ಠೇವಣಿಗಳು ಎಷ್ಟು ಸ್ಥಿರ ಎಂಬುದು. ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕುವ ಮುಂಚಿನ ವರ್ಷ ಅದರ ಆಸ್ತಿ ಸ್ವಂತ ಬಂಡವಾಳದ ಸುಮಾರು 30 ಪಟ್ಟಿತ್ತು. ಅಷ್ಟಿದ್ದರೆ ಆಸ್ತಿಯ ಬೆಲೆ ಶೇ 4 ಕರಗಿದರೂ ಬಂಡವಾಳ ಪೂರ್ತಿ ಹೋದಂತೆ.

ಪ್ರಶ್ನೆ: ನಿವೃತ್ತಿಗೆ ಒಂದು ವರ್ಷವಿದೆ. ಶೇ 60 ಷೇರು, ಶೇ 40 ಬಾಂಡ್‌ಗಳಲ್ಲಿ ಹಣವಿದೆ. ಷೇರು ಬಿದ್ದಿರುವಾಗ ಬಾಂಡ್ ಮಾರಿ ಷೇರು ಕೊಳ್ಳಿ ಎನ್ನುತ್ತಾರೆ. ಸರಿಯೇ?

ಲೆಕ್ಕ ಸರಿ; ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಲೆಕ್ಕವಿದೆ. ಮುಂದಿನ ಮೂರು ವರ್ಷಗಳ ಖರ್ಚಿಗೆ ಬೇಕಾದದ್ದನ್ನು ನಗದು ಮತ್ತು ಅಲ್ಪಾವಧಿ ಬಾಂಡ್‌ಗಳಲ್ಲಿ ಬೇರೆ ತೆಗೆದಿಡಿ, ಆ 40ರಲ್ಲಿ ಇದನ್ನು ಸೇರಿಸಬೇಡಿ. ಏಕೆಂದರೆ 100 ಇದ್ದದ್ದು 70ಕ್ಕೆ ಬಿದ್ದರೆ ಮರಳಲು ಶೇ 43ರಷ್ಟು ಏರಿಕೆ ಸಾಕು. ಆ 70ರಲ್ಲಿ ಖರ್ಚಿಗೆಂದು 5 ತೆಗೆದರೆ ಉಳಿದ 65ಕ್ಕೆ ಶೇ 54 ಬೇಕು. ಮರುವರ್ಷವೂ ತೆಗೆದರೆ ಇನ್ನೂ ಕಷ್ಟ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್‌ನ ಗರಿಷ್ಠವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಎಲ್ಲ ಕಡೆ ಹಾಗಾಗುವುದಿಲ್ಲ, ಆದರೆ ಸಂಬಳ ನಿಲ್ಲುವವರು ಅದು ಆಗದೆಂದು ನಂಬಿ ಯೋಜನೆ ಹಾಕಬಾರದು.

ಅದಾದ ಮೇಲೆ ಮರುಹೊಂದಾಣಿಕೆ, ಅಂದರೆ ಪಾಲುಗಳನ್ನು ಮತ್ತೆ 60-40ಕ್ಕೆ ತರುವುದು. 60ರ ಷೇರು ಶೇ 30 ಬಿದ್ದು 42 ಆಯಿತು, ಬಾಂಡ್ 40; ಒಟ್ಟು 82. ಷೇರಿನ ಪಾಲು ಶೇ 51ಕ್ಕೆ ಇಳಿದಿದೆ. 82ರ ಶೇ 60 ಎಂದರೆ 49.2, ಹಾಗಾಗಿ 7.2ರಷ್ಟು ಬಾಂಡ್ ಮಾರಿ ಷೇರಿಗೆ ಹಾಕಬೇಕು. ಪ್ರತಿ ತಿಂಗಳು ಇದನ್ನು ಮಾಡಿದರೆ ದಲ್ಲಾಳಿ ಶುಲ್ಕ, ತೆರಿಗೆಗಳೇ ತಿನ್ನುತ್ತವೆ. ಪಾಲು ಗುರಿಯಿಂದ 5 ಅಂಶಕ್ಕಿಂತ ಹೆಚ್ಚು ಸರಿದಾಗ ಮಾತ್ರ ಮಾಡಿ. ಈ ಹಣ ಬಿಡಿ ಷೇರಿಗಿಂತ ಸೂಚ್ಯಂಕ ನಿಧಿಗೆ (ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳನ್ನೇ ಕೊಳ್ಳುವ ನಿಧಿ) ಹೋಗುವುದು ಮೇಲು: ಸೂಚ್ಯಂಕದಲ್ಲಿ ಮುಳುಗುವ ಕಂಪನಿಗಳ ಜಾಗಕ್ಕೆ ಬೇರೆಯವು ಬರುತ್ತವೆ, ಬಿಡಿ ಷೇರು ಮುಳುಗಿದರೆ ಹೊಂದಾಣಿಕೆಯ ಹೆಸರಲ್ಲಿ ನೀವೇ ಅದಕ್ಕೆ ಹಣ ಸುರಿಯುತ್ತಿರುತ್ತೀರಿ.

ಪ್ರಶ್ನೆ: ಷೇರುಗಳನ್ನೇ ಅಡವಿಟ್ಟು ಸಾಲ ತೆಗೆದು ಅಗ್ಗದ ಬೆಲೆಗೆ ಕೊಳ್ಳಬಹುದೇ?

ಬೇಡ. ನಿಮ್ಮ 100, ಸಾಲ 100, ಒಟ್ಟು 200ರ ಷೇರು. ಪೇಟೆ ಶೇ 30 ಇಳಿದರೆ ಷೇರಿನ ಮೌಲ್ಯ 140, ಸಾಲ ಇನ್ನೂ 100. ನಿಮ್ಮದು 40 ಮಾತ್ರ. ಅಷ್ಟರೊಳಗೆ ಬ್ರೋಕರ್ ಹೆಚ್ಚುವರಿ ಮಾರ್ಜಿನ್ (ಸಾಲಕ್ಕೆ ಭದ್ರತೆಯಾಗಿ ಇನ್ನಷ್ಟು ಹಣ) ಕೇಳಿರುತ್ತಾರೆ. ಕಟ್ಟದಿದ್ದರೆ ಯಾವ ಷೇರನ್ನು, ಯಾವ ಬೆಲೆಗೆ ಮಾರಬೇಕೆಂದು ನಿಮ್ಮನ್ನು ಕೇಳುವುದಿಲ್ಲ. ಈಗಾಗಲೇ ಇಂಥ ಸಾಲವಿದ್ದರೆ, ಹೊಸದೇನನ್ನಾದರೂ ಕೊಳ್ಳುವ ಮೊದಲು ದುರ್ಬಲ ಷೇರುಗಳನ್ನು ನೀವೇ ಮಾರಿ ಅದನ್ನು ತೀರಿಸಿ.