ಗದ್ದಲದ ಬಾರ್‌ನಲ್ಲಿ ಜಾಝ್ ಕೇಳಲು ಎಲ್ಲಿ ಕೂರಬೇಕು?

ನೀವು ಕೇಳಿದ್ದು ಇದು: ಶಿವಮೊಗ್ಗದ ಒಂದು ಸಣ್ಣ ಬಾರ್‌ಗೆ ಈ ಶನಿವಾರ ಬೆಂಗಳೂರಿನಿಂದ ಜಾಝ್ ತಂಡ ಬರುತ್ತಿದೆ. ಆ ಗಲಾಟೆಯಲ್ಲಿ ಏನಾದರೂ ಕೇಳಿಸುತ್ತಾ? ಮನೆಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸಾಕಲ್ವಾ?

ಹೋಗಿ. ಕೂರುವ ಜಾಗ ಮಾತ್ರ ನೋಡಿಕೊಳ್ಳಿ.

ಹೋದ ಮಳೆಗಾಲದಲ್ಲಿ ಇಲ್ಲೇ ಒಂದು ಬಾರ್‌ನಲ್ಲಿ ಇಂಥದ್ದೇ ಕಾರ್ಯಕ್ರಮ ಇತ್ತು. ನನಗೆ ಹೊಸದು, ಸಂಕೋಚ ಬೇರೆ. ಹಿಂದೆ, ಅಡುಗೆಮನೆ ಬಾಗಿಲ ಪಕ್ಕ ಹೋಗಿ ಕೂತೆ. ಮೇಲೆ ತಗಡಿಗೆ ಬಡಿಯುವ ಮಳೆ, ಒಳಗೆ ಮಿಕ್ಸಿ, ಪಕ್ಕದ ಟೇಬಲ್‌ನಲ್ಲಿ ಅಡಿಕೆ ರೇಟಿನ ಜಗಳ. ಸ್ಯಾಕ್ಸೋಫೋನ್ ಊದುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಮಾತ್ರ ಏನೂ ದಕ್ಕುತ್ತಿರಲಿಲ್ಲ. ಅರ್ಧ ಗಂಟೆಗೇ ಬಿಲ್ ತರಿಸಿದೆ. ಚಿಲ್ಲರೆಗೆ ಕಾಯುತ್ತಾ ಕೌಂಟರ್ ಹತ್ತಿರ ನಿಂತೆ ನೋಡಿ, ಅದು ಬೇಸ್ ನುಡಿಸುವ ಹುಡುಗನ ಪಕ್ಕ. ಚಿಲ್ಲರೆ ಬಂತು, ನಾನು ಇನ್ನೊಂದು ಗಂಟೆ ಅಲ್ಲಿಂದ ಕದಲಲಿಲ್ಲ.

ಬೇಸ್ ಅಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ. ಜಾಝ್‌ನಲ್ಲಿ ಕಮಾನು ಬಿಟ್ಟು ಬೆರಳಲ್ಲೇ ಜಾಸ್ತಿ ಮೀಟುತ್ತಾರೆ. ತಾಳದ ಒಂದೊಂದು ಪೆಟ್ಟಿಗೆ ಒಂದೊಂದು ಸ್ವರ ಇಡುತ್ತಾ ನಡೆಯುತ್ತಾ ಹೋಗುತ್ತದೆ. ಅದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಸೇರಿಕೊಳ್ಳುತ್ತದೆ. ದೂರ ಕೂತಷ್ಟೂ ವಾದ್ಯದ ನೇರ ಸದ್ದು ಇಳಿಯುತ್ತದೆ, ಗೋಡೆಗೆ ಬಡಿದು ಬರುವ ಮಾತಿನ ಗೌಜು ಮಾತ್ರ ಹಾಗೇ ಇರುತ್ತದೆ. ಹಾಗಂತ ಡ್ರಮ್ಸ್ ಎದುರಿಗೇ ಕೂರಬೇಡಿ, ಅದರ ಸಿಂಬಲ್, ಅಂದರೆ ಕೋಲಿನಲ್ಲಿ ಬಡಿಯುವ ಲೋಹದ ತಟ್ಟೆ, ಕಿವಿ ಕೊರೆಯುತ್ತದೆ.

ತೀರ್ಥಹಳ್ಳಿ ಕಡೆ ಬಯಲಾಟ ನೋಡಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅಲ್ಲೇನು ನಿಶ್ಶಬ್ದ ಇರುತ್ತಿತ್ತಾ? ಕಡ್ಲೆಕಾಯಿ ಮಾರುವವನು, ಅಳುವ ಮಗು, ಕಂಬಳಿಯೊಳಗಿನ ಗೊರಕೆ. ಚಂಡೆ ಮದ್ದಳೆ ಕಿವಿಯಲ್ಲಿದ್ದರೆ ಸಾಕು, ನಾಲ್ಕು ಪದ ತಪ್ಪಿದರೂ ಆಟ ತಪ್ಪುತ್ತಿರಲಿಲ್ಲ.

ಇನ್ನೊಂದು ಗುಟ್ಟು ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ. ಮೊದಲು ಎಲ್ಲರೂ ಸೇರಿ ಹಾಡನ್ನು ಒಮ್ಮೆ ನುಡಿಸುತ್ತಾರೆ. ಹಳೆಯ ಹಾಡುಗಳಲ್ಲಿ ತುಂಬಾ ಕಡೆ ಒಂದು ಸುತ್ತು ಅಂದರೆ 32 ಬಾರ್ (ಇದು ತಾಳದ ಲೆಕ್ಕದ ಬಾರ್, ಕುಡಿಯುವುದಲ್ಲ), ಎಂಟೆಂಟರ ನಾಲ್ಕು ಭಾಗ. ಮೂರನೆಯದು ಮಾತ್ರ ಬೇರೆ ಥರ ಕೇಳುತ್ತದೆ. ಆಮೇಲೆ ಅದೇ ಸುತ್ತಿನ ಮೇಲೆ ಒಬ್ಬೊಬ್ಬರೇ ಆಗ ಹೊಳೆದದ್ದನ್ನು ನುಡಿಸಿ ಮನೋಧರ್ಮ ತೋರಿಸುತ್ತಾರೆ, ಕೊನೆಗೆ ಮತ್ತೆ ಹಾಡು. ಕೆಲವು ಸಲ ನಾಲ್ಕು ಬಾರ್ ಸ್ಯಾಕ್ಸೋಫೋನ್, ನಾಲ್ಕು ಬಾರ್ ಡ್ರಮ್ಸ್ ಅಂತ ಸವಾಲ್ ಜವಾಬ್ ನಡೆಯುತ್ತದೆ, ನಮ್ಮ ಕರ್ನಾಟಕ ಸಂಗೀತ ಕಚೇರಿಯ ತನಿಯಲ್ಲಿ ಮೃದಂಗ, ಘಟ ಮಾಡುವ ಹಾಗೆ. ಒಬ್ಬರ ಸರದಿ ಮುಗಿದಾಗ ನಡುವೆಯೇ ಚಪ್ಪಾಳೆ ತಟ್ಟಬಹುದು, ಅದೇ ರೂಢಿ. ಯಾರ ಸರದಿ ಅಂತ ಕಿವಿಗೆ ಗೊತ್ತಾಗದಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಹುಬ್ಬು ಏರಿಸುವುದು, ತಲೆ ಆಡಿಸುವುದು, ಎಲ್ಲಾ ಸನ್ನೆಯಲ್ಲೇ.

ಹೆಡ್‌ಫೋನ್ ವಿಷಯ. ಪಿಯಾನೋದ ಬಿಲ್ ಇವಾನ್ಸ್ ತಂಡ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಹೆಡ್‌ಫೋನಿನಲ್ಲೇ ಕೇಳಿ ನೋಡಿ. ಗ್ಲಾಸಿನ ಟಣ್ ಟಣ್, ಜನರ ಮಾತು ಎಲ್ಲಾ ಅದರಲ್ಲೇ ಇದೆ. ಅವತ್ತು ಬೇಸ್ ನುಡಿಸಿದ ಸ್ಕಾಟ್ ಲಫಾರೋ 11 ದಿನಕ್ಕೆ ಕಾರ್ ಅಪಘಾತದಲ್ಲಿ ತೀರಿಕೊಂಡರು, ಬರೀ 25 ವಯಸ್ಸು. ಪಕ್ಕದ ಟೇಬಲ್‌ನವರಿಗೆ ಅದೆಲ್ಲಿ ಗೊತ್ತಿತ್ತು, ಅವರ ಪಾಡಿಗೆ ಹರಟುತ್ತಿದ್ದರು.

ಶನಿವಾರ ಸ್ವಲ್ಪ ಬೇಗ ಹೋಗಿ. ಬೇಸ್ ಅನ್ನು ಎಲ್ಲಿ ನಿಲ್ಲಿಸುತ್ತಾರೆ ಅಂತ ಸಪ್ಲೈಯರ್‌ನ ಕೇಳಿ, ಆಮೇಲೆ ಕುರ್ಚಿ ಎಳೆದುಕೊಳ್ಳಿ. ನಾನೂ ಅಲ್ಲೇ ಎಲ್ಲೋ ಇರುತ್ತೇನೆ. ಅಡಿಕೆ ರೇಟ್ ಮಾತ್ರ ಕೇಳಬೇಡಿ.